ನಮ್ಮ ದೇಹದಲ್ಲಿ ಎಷ್ಟು ಬಗೆಯ ಸ್ನಾಯುಗಳಿವೆ? ಕೈಕಾಲು ನಮ್ಮ ಮಾತು ಕೇಳುತ್ತೆ, ಹೊಟ್ಟೆ ಯಾಕೆ ಕೇಳಲ್ಲ?

ಸ್ನಾಯುಗಳು ಮೂರು ಬಗೆ. ಮೂಳೆಗೆ ಅಂಟಿಕೊಂಡ ಅಸ್ಥಿ ಸ್ನಾಯು, ಒಳಗಿನ ಅಂಗಗಳ ಗೋಡೆಯಲ್ಲಿರುವ ನಯವಾದ ಸ್ನಾಯು, ಮತ್ತೆ ಹೃದಯದ ಸ್ನಾಯು. ಪರೀಕ್ಷೆಗಾದರೆ ಇಷ್ಟು ಸಾಕು. ಆದರೆ ಹೊಟ್ಟೆ ಯಾಕೆ ಮಾತು ಕೇಳಲ್ಲ ಅಂತ ಕೇಳಿದ್ದೀರಲ್ಲ, ಅದು ಒಳ್ಳೆಯ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಪಾಠವನ್ನು ರಾಗಿಮುದ್ದೆಯಿಂದಲೇ ಶುರು ಮಾಡುತ್ತೇನೆ.

ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಇಡುತ್ತೀರಿ. ಅಗಿಯುವ ಹಾಗಿಲ್ಲ, ನುಂಗಬೇಕು. ಕೈ ಎತ್ತಿದ್ದು, ಬಾಯಿ ತೆರೆದಿದ್ದು, ನಾಲಿಗೆಯಿಂದ ತುತ್ತನ್ನು ಹಿಂದಕ್ಕೆ ತಳ್ಳಿದ್ದು ಎಲ್ಲ ನಿಮ್ಮ ಇಷ್ಟ. ತುತ್ತು ಗಂಟಲು ದಾಟಿತೋ, ಆಮೇಲೆ ಅದು ನಿಮ್ಮ ಕೈಯಲ್ಲಿಲ್ಲ. ಅನ್ನನಾಳ ಸುಮಾರು 25 ಸೆಂ.ಮೀ. ಉದ್ದ ಇದೆ. ಅದರ ಮೇಲ್ಭಾಗದಲ್ಲಿ ಕೈಕಾಲಿನಲ್ಲಿ ಇರುವಂಥದ್ದೇ ಸ್ನಾಯು. ನಡುವೆ ಎರಡೂ ಬಗೆ ಬೆರೆತಿವೆ. ಕೆಳಗೆ ಬರೀ ನಯವಾದ ಸ್ನಾಯು. ತುತ್ತಿನ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನದು ಸಡಿಲವಾಗುತ್ತದೆ. ಹೀಗೆ ಅಲೆಅಲೆಯಾಗಿ ಅದನ್ನು ಹೊಟ್ಟೆಗೆ ಸಾಗಿಸುತ್ತವೆ. ಮಲಗಿಕೊಂಡು ನುಂಗಿದರೂ ಅನ್ನ ಹೊಟ್ಟೆಗೇ ಹೋಗುವುದು ಅದಕ್ಕೇ, ಸುಮ್ನೆ ಭಾರಕ್ಕೆ ಜಾರುವುದಲ್ಲ.

ಹೊಟ್ಟೆ, ಕರುಳಿನ ಸ್ನಾಯುಗಳನ್ನು ನಡೆಸುವ ನರಗಳೇ ಬೇರೆ. ಅವು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಕರುಳಿನ ಗೋಡೆಯೊಳಗೇ ಒಂದು ನರಜಾಲ ಇದೆ. ನಯವಾದ ಸ್ನಾಯು ನಿಧಾನ, ಆದರೆ ಬೇಗ ದಣಿಯುವುದಿಲ್ಲ. ಕಡಿಮೆ ಶಕ್ತಿಯಲ್ಲಿ ಎಷ್ಟೋ ಹೊತ್ತು ಬಿಗಿಯಾಗಿಯೇ ಇರಬಲ್ಲದು. ರಕ್ತನಾಳ, ಮೂತ್ರಕೋಶ, ಗರ್ಭಕೋಶದಲ್ಲೆಲ್ಲ ಇರುವುದು ಇದೇ. ಬಿಸಿಲಿಗೆ ಬಂದಾಗ ಕಣ್ಣಿನ ಪಾಪೆ ಚಿಕ್ಕದಾಗುವುದು, ಚಳಿಗೆ ಮೈ ಜುಮ್ಮೆಂದು ರೋಮ ನಿಲ್ಲುವುದು ಕೂಡ ಇದರದೇ ಕೆಲಸ.

ಆದರೆ ಅಸ್ಥಿ ಸ್ನಾಯು ಅಂದರೆ ಪೂರ್ತಿ ನಮ್ಮ ಹಿಡಿತದಲ್ಲಿರುವುದು ಅಂತ ಬಾಯಿಪಾಠ ಮಾಡಬೇಡಿ. ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು ವಪೆಯನ್ನೇ ನೋಡಿ. ಅದೂ ಅಸ್ಥಿ ಸ್ನಾಯುವೇ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯಬಹುದು, ಆದರೆ ನಿದ್ದೆಯಲ್ಲಿ ಅದು ತಾನಾಗಿಯೇ ನಡೆಯುತ್ತಿರುತ್ತದೆ. ಚಳಿಗೆ ನಡುಗಿ ಮೈ ಬಿಸಿ ಮಾಡುವುದೂ ಇದೇ ಬಗೆಯ ಸ್ನಾಯು. ನಾವು ಹೇಳಿ ನಡುಗುತ್ತೇವಾ? ಇಲ್ಲ ಅಲ್ವಾ.

ಅಸ್ಥಿ ಸ್ನಾಯುಗಳು 600ಕ್ಕಿಂತ ಜಾಸ್ತಿ ಇವೆ. ಅವುಗಳಲ್ಲಿ ಅತಿ ಚಿಕ್ಕದು ಕಿವಿಯೊಳಗಿದೆ, ಬರೀ 6 ಮಿ.ಮೀ. ಆಸುಪಾಸು. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಅದಕ್ಕೇ ಕೀಲುಗಳ ಸುತ್ತ ಎದುರುಬದುರು ಕೆಲಸ ಮಾಡುವ ಸ್ನಾಯುಗಳಿವೆ. ಒಂದು ಕೈಯಿಂದ ಭಾರದ ಚೀಲ ಎತ್ತಿ, ಇನ್ನೊಂದು ಕೈಯಿಂದ ಆ ತೋಳನ್ನು ಮುಟ್ಟಿ ನೋಡಿ, ಮುಂಭಾಗ ಗಟ್ಟಿಯಾಗುತ್ತದೆ. ಚೀಲ ಎತ್ತಿದ ಕೈಯಿಂದಲೇ ಟೇಬಲ್ಲನ್ನು ಕೆಳಗೆ ಒತ್ತಿ, ಈಗ ಹಿಂಭಾಗ ಗಟ್ಟಿ.

ಇನ್ನು ಹೃದಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಸ್ಥಿ ಸ್ನಾಯುವಿನ ಹಾಗೇ ಪಟ್ಟೆ ಪಟ್ಟೆ. ಆದರೂ ಅದು ನಮ್ಮ ಮಾತು ಕೇಳುವುದಿಲ್ಲ. ಬಡಿತ ಹುಟ್ಟುವುದೇ ಹೃದಯದೊಳಗೆ. ಮಿದುಳಿನ ನರಗಳು ಬಡಿತವನ್ನು ಜೋರು, ನಿಧಾನ ಮಾಡುತ್ತವೆ ಅಷ್ಟೇ. ಕಸಿ ಮಾಡುವಾಗ ಆ ನರಗಳನ್ನು ಕತ್ತರಿಸಿದರೂ ಹೃದಯ ಹೊಸ ಎದೆಯಲ್ಲಿ ಬಡಿಯುತ್ತದೆ. ನಿಮಿಷಕ್ಕೆ 70ರ ಲೆಕ್ಕದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಇಷ್ಟು ದುಡಿಯುವ ಸ್ನಾಯುವಿಗೆ ಆಮ್ಲಜನಕ ಸದಾ ಬೇಕು. ರಕ್ತ ನಿಂತರೆ ಜೀವಕೋಶಗಳು ಸಾಯುತ್ತವೆ. ಅಲ್ಲಿ ಹೊಸ ಸ್ನಾಯು ಬೆಳೆಯುವುದು ಇಲ್ಲವೆಂಬಷ್ಟು ಕಡಿಮೆ, ಕಲೆಗಟ್ಟಿದ ಅಂಗಾಂಶವಷ್ಟೇ ಉಳಿಯುತ್ತದೆ. ಹೃದಯಾಘಾತವಾದಾಗ ಡಾಕ್ಟರು ಒಂದೊಂದು ನಿಮಿಷವನ್ನೂ ಲೆಕ್ಕ ಹಾಕುವುದು ಇದಕ್ಕೇ.