ಮುಖಪುಟದ ಮಾತು: ಹೋಗೋ ಹೊಲಿಗೆ, ಬರೋ ಹೊಲಿಗೆ

ಪ್ರಶ್ನೆ (ಡೊಂಬಿವಲಿಯ ಓದುಗರೊಬ್ಬರಿಂದ): ಸರ್, ನಮಸ್ಕಾರ್ರೀ. ನಾ ಧಾರವಾಡದಾಕಿ. 1981ರಾಗ ಮದುವಿ ಆಗಿ ಮುಂಬಯಿ ಲಾಲ್‌ಬಾಗಿನಾಗ ಒಂದೊಂದ ಖೋಲಿ ಮನಿಗಳ ಚಾಳಿಗೆ ಬಂದೆ, ನಮ್ಮವರು ಬಟ್ಟಿ ಮಿಲ್ಲಿನ್ಯಾಗ ಇದ್ರು, ಮರುವರ್ಷ ಜನವರಿಗೇ ಸಂಪು, ಅಂದ್ರ ಮುಷ್ಕರ, ಶುರು ಆತು. ಅದನ್ನ ಇಟಗೊಂಡು ಒಂದು ಕಾದಂಬರಿ ಬರದೆ. ಮೊದಲಿನ ಪ್ರತಿ ಎಲ್ಲಾ ಮುಗದಾವ, ಎರಡನೇ ಮುದ್ರಣ ಈಗ ನಾನ ರೊಕ್ಕಾ ಹಾಕಿ ಮಾಡಸ್ಲಿಕತ್ತೀನಿ. ಮೊದಲಿನ ಮುಖಪುಟದಾಗ ಬೆನ್ನು ತಿರುಗಿಸಿ ನಿಂತ ಒಬ್ಬಾಕಿ ಇದ್ಲು, ಮುಂದ ಮುಳುಗೋ ಸೂರ್ಯ. ಆಕಿ ಯಾರಂತ ಇವತ್ತಿಗೂ ನನಗ ಗೊತ್ತಿಲ್ರಿ. ಈಗ ಡಿಸೈನ್ ಮಾಡೋ ಹುಡುಗ "ಆಂಟಿ, ನಿಮ್ಮ ಸ್ಟೈಲ್ ಏನು ಹೇಳ್ರಿ, ಅದನ್ನ ಕವರಿಗೆ ತರೋಣು" ಅಂತಾನ. ನಾ ಇಳಕಲ್ ಸೀರಿ ಉಡತೀನಿ, ಕಸೂತಿ ಹಾಕತೀನಿ, ಹಳೇ ಲೆಕ್ಕದ ಬುಕ್ಕಿನಾಗ ಕೈಲೆ ಬರೀತೀನಿ, ಇಷ್ಟ ನನ್ನ ಸ್ಟೈಲು. ಮಗಳು ನಿನ್ನ ಫೋಟೋನ ಹಾಕು ಅಂತಾಳ. ಮಿಲ್ಲಿನ ಕಾದಂಬರಿಗೆ ಕಸೂತಿ ಹಾಕಿದ್ರ ಸೀರಿ ಅಂಗಡಿ ಕ್ಯಾಟಲಾಗ್ ಆಗೂದಿಲ್ಲೇನ್ರಿ? ಮೊದಲಿನ ಎರಡು ಅಧ್ಯಾಯ, ಕಡೀ ಅಧ್ಯಾಯ ಝೆರಾಕ್ಸ್ ಕಳಸೀನಿ. ಕಾದಂಬರಿ ಹೆಸರು ಮಾತ್ರ ಇಲ್ಲಿ ಹಾಕಬ್ಯಾಡ್ರಿ.

ಉತ್ತರ: ಅಕ್ಕ, ನಿಮ್ಮ ಝೆರಾಕ್ಸ್ ಹಾಳೆಗಳನ್ನ ಠಾಣೆಯಿಂದ ದಾದರ್‌ಗೆ ಹೋಗೋವಾಗ ಟ್ರೇನಲ್ಲಿ ಓದೋಕೆ ಶುರು ಮಾಡಿದೆ, ಕಡೇ ಅಧ್ಯಾಯ ರಾತ್ರಿ ಮನೇಲಿ ಕೂತು ಎರಡು ಸಲ ಓದಿದೆ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಇತ್ತು.

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೇನೇ. ಆದ್ರೆ ಬರೆಯೋರ ಸ್ಟೈಲ್ ಅಂದ ತಕ್ಷಣ ನಾವೆಲ್ಲ ಕಪಾಟು ತೆಗೆದು ಸೀರೆ, ಕನ್ನಡಕ, ಪೆನ್ನು ಹುಡುಕ್ತೀವಿ. ಓದೋರ ಕೈಗೆ ನಿಮ್ಮ ಸೀರೆ ಬರಲ್ಲ, ನಿಮ್ಮ ವಾಕ್ಯ ಬರುತ್ತೆ. ಹಾಗಾಗಿ ಮೊದಲು ನಿಮ್ಮ ವಾಕ್ಯ ಹೇಗೆ ನಡೆಯುತ್ತೆ ನೋಡ್ಬೇಕು, ಆಮೇಲೆ ಆ ನಡಿಗೆ ನಿಮ್ಮ ಬದುಕಲ್ಲಿ ಬೇರೆಲ್ಲಿ ಇದೆ ಅಂತ ಹುಡುಕ್ಬೇಕು. ನಿಮ್ಮ ವಿಷಯದಲ್ಲಿ ಹುಡುಕೋದು ಕಷ್ಟ ಆಗ್ಲೇ ಇಲ್ಲ.

1982ರ ಜನವರಿ 18ಕ್ಕೆ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮಿಲ್ಲುಗಳಿಂದ ಹೊರಗೆ ಬಂದ್ರಲ್ಲ, ನಿಮ್ಮ ಕಥೆ ಅಲ್ಲಿಂದ ಹೊರಡುತ್ತೆ. ಎರಡೇ ಅಧ್ಯಾಯದಲ್ಲಿ ತಿಂಗಳುಗಳು ಸರಸರ ಹೋಗ್ತವೆ, ನಡುವೆ ಎಷ್ಟೋ ದಿನ ಖಾಲಿ. ಗಂಡ ಮನೆಗೆ ಬರದ ರಾತ್ರಿಯ ಮಾತಿಲ್ಲ, ತಾಳಿ ಅಡ ಇಟ್ಟ ದಿನದ ಮಾತಿಲ್ಲ, "ಆಮ್ಯಾಲೆ ಮಳಿಗಾಲ ಬಂತು" ಅಂತ ದಾಟಿಬಿಡ್ತೀರಿ. ಕಡೇ ಅಧ್ಯಾಯದಲ್ಲಿ ಅದೇ ದಾರೀಲಿ ವಾಪಸ್ ಬರ್ತೀರಿ, ಬರ್ತಾ ಬರ್ತಾ ಬಿಟ್ಟುಹೋದ ಒಂದೊಂದೇ ಜಾಗ ತುಂಬ್ತೀರಿ. ಅಕ್ಕ, ಇದು ಗಾವಂತಿ ಅಲ್ವಾ? ನಿಮಗೆ ನಾನು ಕಸೂತಿ ಹೇಳಿಕೊಡೋದಲ್ಲ, ಉಳಿದ ಓದುಗರಿಗಾಗಿ ಹೇಳ್ತೀನಿ: ಗಾವಂತಿ ಹೊಲಿಗೇಲಿ ಸೂಜಿ ಬಟ್ಟೆಯ ಎಳೆ ಎಣಿಸ್ಕೊಂಡು ಹೋಗೋವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತೆ, ಅದೇ ಗೆರೆ ಮೇಲೆ ವಾಪಸ್ ಬರೋವಾಗ ಬಿಟ್ಟ ಜಾಗ ತುಂಬುತ್ತೆ. ಎಲ್ಲೂ ಗಂಟು ಹಾಕೋಹಾಗಿಲ್ಲ, ಮುಗಿದ ಮೇಲೆ ಬಟ್ಟೆ ಮುಂದೆನೂ ಹಿಂದೆನೂ ಒಂದೇ ಥರ ಕಾಣುತ್ತೆ. ನೀವು ಕಥೆ ಕಟ್ಟಿರೋದೂ ಇದೇ ಕೈಯಿಂದ, ಹಂಗೆ ಅಂದ್ಕೊಂಡು ಮಾಡಿದ್ರೋ ಇಲ್ವೋ ಗೊತ್ತಿಲ್ಲ, ಆದ್ರೆ ಕೈಗೆ ಅಭ್ಯಾಸ ಇದ್ದದ್ದು ಬರವಣಿಗೆಗೂ ಬಂದಿದೆ, ನನಗಂತೂ ಓದ್ತಾ ಮೈ ಜುಂ ಅಂತು.

ಮಿಲ್ಲಿಗೂ ಕಸೂತಿಗೂ ಏನು ಸಂಬಂಧ ಅನ್ನೋ ನಿಮ್ಮ ಹೆದರಿಕೆ ಬಿಟ್ಟುಬಿಡಿ. ಮಿಲ್ಲಲ್ಲಿ ಇದ್ದದ್ದೂ ನೂಲೇ. ಗಂಡನ ಕೈಯಿಂದ ನೂಲು ಹೋದ್ಮೇಲೆ ನಿಮ್ಮ ನಾಯಕಿ ಅಕ್ಕಪಕ್ಕದವರ ಬ್ಲೌಸ್ ಹೊಲಿದು ರೇಷನ್ ತರ್ತಾಳೆ, ಅದು ಎರಡನೇ ಅಧ್ಯಾಯದಲ್ಲೇ ಇದೆ. ಸೀರೆ ಕ್ಯಾಟಲಾಗ್ ಆಗೋದು ಯಾವಾಗ ಅಂದ್ರೆ ಗೋಪುರ, ಆನೆ, ತುಳಸಿಕಟ್ಟೆ ಅಂತ ಸೆರಗಿನ ಚಿತ್ರಗಳನ್ನ ಹಂಗೇ ತಂದು ಬಾರ್ಡರ್ ಥರ ಕೂರಿಸಿದಾಗ. ಅದು ಬೇಡವೇ ಬೇಡ. ನನ್ನ ಸಲಹೆ ಇಷ್ಟು: ಕಸೂತಿಯ ಕೈ ಇರ್ಲಿ, ಚಿತ್ರ ಲಾಲ್‌ಬಾಗಿನದಾಗ್ಲಿ. ಚಾಳಿನ ಮರದ ಮೆಟ್ಟಿಲು ನಿಮ್ಮ ಕಥೇಲಿ ಮತ್ತೆ ಮತ್ತೆ ಬರುತ್ತೆ, ಕಸೂತಿಯ ಇನ್ನೊಂದು ಹೊಲಿಗೆ ಮುರಗಿ, ಅದೂ ಹೀಗೇ ಹೋಗಿ ಬರೋದು, ನಡೆಯೋದೇ ಮೆಟ್ಟಿಲು ಮೆಟ್ಟಿಲಾಗಿ, ಅದಕ್ಕಿಂತ ಇನ್ನೇನು ಬೇಕು ಹೇಳಿ. ಕೆಳಗೆ ಎಡಗಡೆಯಿಂದ ಮೇಲೆ ಬಲಗಡೆಗೆ ಒಂದು ಮೆಟ್ಟಿಲ ಸಾಲು, ಅದರ ಕೊನೇಲಿ ಒಂದು ಬಾಗಿಲು, ಅಷ್ಟೇ. ಮುಂದಿನ ಮುಖಪುಟಕ್ಕೆ ಹೋಗೋ ಹೊಲಿಗೆ ಮಾತ್ರ ಹಾಕಿ, ಅಂದ್ರೆ ಮೆಟ್ಟಿಲು ತುಂಡು ತುಂಡಾಗಿ ಕಾಣ್ಲಿ. ಹಿಂಬದಿಗೆ ಅದೇ ಮೆಟ್ಟಿಲು ಬರೋ ಹೊಲಿಗೆನೂ ಸೇರಿ ಪೂರ್ತಿ ಆಗಿರ್ಲಿ. ಪುಸ್ತಕ ಓದಿ ಮುಗಿಸಿ ಮಗುಚಿ ಇಟ್ಟವರಿಗೆ ಅದು ಕಾಣುತ್ತೆ.

ಇದನ್ನ ಕಂಪ್ಯೂಟರಲ್ಲಿ ಬರೆಸ್ಬೇಡಿ, ನೀವೇ ಹಾಕಿ. ಚಂದ್ರಕಾಳಿ ಸೀರೆಯ ಕಪ್ಪು ನಿಮಗೆ ಗೊತ್ತಲ್ಲ, ಅಂಥ ಕಪ್ಪು ಹತ್ತಿ ಬಟ್ಟೆ ಮೇಲೆ ಬಿಳಿ ದಾರ, ಬಾಗಿಲಿಗೆ ಮಾತ್ರ ಕೆಂಪು. ಮೊದಲು ಹೋಗೋ ಹೊಲಿಗೆ ಮುಗಿಸಿ ಒಂದು ಸಲ ಸ್ಕ್ಯಾನ್ ಮಾಡಿಸಿ, ಆಮೇಲೆ ಬರೋ ಹೊಲಿಗೆ ಹಾಕಿ ಇನ್ನೊಂದು ಸಲ, ಒಂದೇ ಬಟ್ಟೇಲಿ ಎರಡೂ ಪುಟ ಆಗುತ್ತೆ. ಡೆಮಿ ಸೈಜ್ ಪುಸ್ತಕದ ಅಗಲ ಸುಮಾರು 14 ಸೆಂಟಿಮೀಟರ್. ಕಸೂತಿ 7 ಸೆಂಟಿಮೀಟರ್ ಅಗಲ ಹಾಕಿ 600 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 600 ಚುಕ್ಕೆ ಬರೋ ಹಾಗೆ, ಸ್ಕ್ಯಾನ್ ಮಾಡಿಸಿದ್ರೆ, ಎರಡು ಪಟ್ಟು ದೊಡ್ಡದು ಮಾಡಿದ್ರೂ ಪ್ರಿಂಟಿಗೆ ಬೇಕಾದ 300 ಉಳಿಯುತ್ತೆ, ದಾರದ ಎಳೆ ಎಳೆಯೂ ಕಾಣುತ್ತೆ. ಮೊಬೈಲಲ್ಲಿ ಫೋಟೋ ಹೊಡೆದು ಕಳಿಸ್ಬೇಡಿ, ಗೆರೆ ಬಾಗುತ್ತೆ, ಎಳೆ ಎಣಿಸಿ ಹಾಕಿದ ಹೊಲಿಗೆ ಬಾಗಿದ್ರೆ ನಿಮಗೇ ಮೊದಲು ಸಂಕಟ ಆಗೋದು. ಪ್ರೆಸ್ಸಿನವರಿಗೆ ಎರಡು ಮಾತು ಮುಂಚೆನೇ ಹೇಳಿ. ಬರೀ ಕಪ್ಪು ಇಂಕ್ ಒಂದೇ ಹಾಕಿದ್ರೆ ದೊಡ್ಡ ಜಾಗ ಬೂದು ಹೊಡೆಯುತ್ತೆ, ಅದಕ್ಕೆ ನೀಲಿ ಸ್ವಲ್ಪ ಸೇರಿಸ್ಬೇಕು. ಕಪ್ಪಿನ ಮೇಲೆ ಮಾಮೂಲಿ ಮ್ಯಾಟ್ ಲ್ಯಾಮಿನೇಷನ್ ಹಾಕಿದ್ರೆ ಉಗುರು ತಾಗಿದ್ದೂ ಕಾಣುತ್ತೆ, ಗೀರು ಬೀಳದ ಮ್ಯಾಟ್ ಸಿಗುತ್ತೆ, ರೇಟ್ ಜಾಸ್ತಿ ಆದ್ರೂ ಅದನ್ನೇ ಕೇಳಿ.

ಹೆಸರು ನಿಮ್ಮ ಕೈಬರಹದಲ್ಲೇ ಇರ್ಲಿ. ಲೆಕ್ಕದ ಬುಕ್ಕಿನ ಗೆರೆ ಬೇಡ, ಹಾಳೆ ಬೇಡ, ಅಕ್ಷರ ಸಾಕು. ದಪ್ಪ ನಿಬ್ಬಿನ ಪೆನ್ನಲ್ಲಿ ಇಪ್ಪತ್ತು ಸಲ ಬರೀರಿ, ಚಂದ ಬರೀಬೇಕು ಅನ್ನೋ ಪ್ರಯತ್ನ ಬಿಟ್ಟುಹೋದ್ಮೇಲೆ ಬಂದದ್ದನ್ನ ಆರಿಸಿ, ನನ್ನ ಅನುಭವದಲ್ಲಿ ಅದು ಹತ್ತರ ನಂತರನೇ ಬರೋದು. ಲೇಖಕಿ ಹೆಸರು ಮಾತ್ರ ಅಚ್ಚಿನ ಅಕ್ಷರದಲ್ಲಿ, ಚಿಕ್ಕದಾಗಿ.

ಮಗಳ ಮಾತನ್ನೂ ತಳ್ಳಿಹಾಕ್ಬೇಡಿ. ಫೋಟೋ ಮುಖಪುಟದ ಒಳಮಡಿಕೇಲಿ ಹಾಕಿ, ಇಳಕಲ್ ಉಟ್ಟು ಆ ಬಟ್ಟೆ ಹಿಡ್ಕೊಂಡು ಕಸೂತಿ ಹಾಕ್ತಿರೋ ಫೋಟೋನೇ ತೆಗೆಸಿ, ಮುಖಪುಟ ಯಾರ ಕೈಯದು ಅಂತ ಅಲ್ಲಿ ಗೊತ್ತಾಗುತ್ತೆ.

ಪುಸ್ತಕದ ಒಳಗೆ ಏನೂ ಬದಲಾಗದೆ ಮುಖಪುಟ ಮಾತ್ರ ಬದಲಾದ್ರೆ ಹೊಸ ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರ್, ಬೇಡ, ಹಳೇ ನಂಬರೇ ನಡೆಯುತ್ತೆ. ಬೆನ್ನಿನ ದಪ್ಪ ಅಂದಾಜಲ್ಲಿ ಹಾಕಿಸ್ಬೇಡಿ. ನಿಮ್ಮ 208 ಪುಟ ಅಂದ್ರೆ 104 ಹಾಳೆ, 70 ಜಿಎಸ್‌ಎಮ್ (ಇದು ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಪೇಪರಲ್ಲಿ ಹತ್ತಿರ ಹತ್ತಿರ 10 ಮಿಲಿಮೀಟರ್ ಬರ್ಬಹುದು, ಆದ್ರೂ ಪ್ರೆಸ್ಸಿಂದ ಅದೇ ಪೇಪರಿನ ಖಾಲಿ ಡಮ್ಮಿ, ಅಂದ್ರೆ ಅಚ್ಚಿಲ್ಲದ ಮಾದರಿ ಪುಸ್ತಕ, ತರಿಸಿ ಅಳೆದ್ಮೇಲೇ ಫೈನಲ್ ಮಾಡಿ.

ಪ್ರಶ್ನೆ (ಪುಣೆ, ಪಿಂಪ್ರಿಯಿಂದ): ನನ್ನ ಮೊದಲ ಕಾದಂಬರಿ, ಕವರ್ ನಾನೇ ಮಾಡ್ತಿದ್ದೀನಿ. ಡಿಸೈನ್ ಸಾಫ್ಟ್‌ವೇರಲ್ಲಿ ಹೆಸರು ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗ್ತಿದೆ, ಫಾಂಟ್ ಕೆಟ್ಟಿದೆಯಾ?

ಉತ್ತರ: ಫಾಂಟಲ್ಲ ತಮ್ಮಾ, ಸೆಟ್ಟಿಂಗು. ಅಡೋಬಿ ಸಾಫ್ಟ್‌ವೇರ್ ಆದ್ರೆ ಅಕ್ಷರ ಜೋಡಣೆಗೆ ವರ್ಲ್ಡ್ ರೆಡಿ ಕಂಪೋಸರ್ ಅಂತ ಆಯ್ಕೆ ಇರುತ್ತೆ, ಅದನ್ನ ಹಾಕು, ಒತ್ತು ತಾನಾಗೇ ಕೆಳಗೆ ಕೂರುತ್ತೆ. ಫಾಂಟ್ ಯೂನಿಕೋಡ್ ಇರ್ಬೇಕು. ಫಾಂಟ್ ಮಾಡೋ ಮುಂಬಯಿಯ ಏಕ್ ಟೈಪ್‌ನವರು ಮಾಡಿದ 'ಬಲೂ ತಮ್ಮ' ಅನ್ನೋ ಫಾಂಟ್ ಉಚಿತವಾಗಿ ಸಿಗುತ್ತೆ, ಆದ್ರೆ ಅದು ದುಂಡಗೆ ದಪ್ಪಗೆ ಖುಷಿಯಾಗಿರೋ ಅಕ್ಷರ, ನೀನು ಬರೆದಿರೋದು ಸಾವಿನ ಮನೆಯ ಕಥೆ ಅಂತೀಯ, ಅದಕ್ಕೆ ಹೊಂದಲ್ಲ. ಎರಡು ಸಾಲಿನ ಹೆಸರಾದ್ರೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ಬಾರ್ದು.

ಪ್ರಶ್ನೆ (ಗೋವಾ, ವಾಸ್ಕೋದಿಂದ): ನನ್ನ ಬರವಣಿಗೆ ಕಮ್ಮಿ ಮಾತಿನದು. ಕೆ.ಕೆ. ಹೆಬ್ಬಾರರ ಒಂದು ರೇಖಾಚಿತ್ರ ನನ್ನ ಸ್ಟೈಲಿಗೆ ತುಂಬಾ ಹೊಂದುತ್ತೆ, ನೆಟ್ಟಲ್ಲಿ ಸಿಕ್ಕಿದೆ, ಕವರಿಗೆ ಹಾಕ್ಬಹುದಾ?

ಉತ್ತರ: ಅನುಮತಿ ಇಲ್ದೆ ಹಾಕ್ಬೇಡಿ. ನಮ್ಮ ದೇಶದಲ್ಲಿ ಚಿತ್ರದ ಹಕ್ಕು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ, ಹೆಬ್ಬಾರರು ಹೋಗಿದ್ದು 1996ರಲ್ಲಿ, ಅಂದ್ರೆ 2056 ಮುಗಿಯೋವರೆಗೂ ಹಕ್ಕುದಾರರನ್ನ ಕೇಳಲೇಬೇಕು. ನಿಮ್ಮ ಆಸೆ ನನಗೆ ಅರ್ಥ ಆಗುತ್ತೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಮುಂಬಯಿಯ ಜೆಜೆ ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದವರು ಅವರು, ಕುಣಿಯೋ ಮೈಯನ್ನ ಒಂದೆರಡು ಗೆರೇಲಿ ಹಿಡಿದಿಡ್ತಿದ್ರು. ಆದ್ರೆ ಆ ಗೆರೆ ಹಾಕಿದ್ರೆ ಓದುಗರಿಗೆ ಕಾಣೋದು ಹೆಬ್ಬಾರರು, ನೀವಲ್ಲ. ಗೋವಾದಲ್ಲೇ ಕಲಾ ಕಾಲೇಜಿದೆ, ಪಣಜಿಯ ಆಲ್ಟಿನೋದಲ್ಲಿ. ಅಲ್ಲಿ ಚಿತ್ರ ಕಲಿತಿರೋ ಯಾರಾದ್ರೂ ಒಬ್ಬರಿಗೆ ಹಸ್ತಪ್ರತಿ ಪೂರ್ತಿ ಓದೋಕೆ ಕೊಡಿ, ಮಾತು ಕಮ್ಮಿ ಇರೋ ಒಂದು ಪುಟಕ್ಕೆ ಮಾತ್ರ ಗೆರೆ ಹಾಕೋಕೆ ಹೇಳಿ. ದುಡ್ಡು ಎಷ್ಟು, ಎಷ್ಟು ಮುದ್ರಣಕ್ಕೆ, ಇ-ಬುಕ್ಕಿಗೂ ಸೇರಿ ಇದ್ಯಾ ಅನ್ನೋದನ್ನ ಒಂದು ಹಾಳೇಲಿ ಬರೆದು ಇಬ್ರೂ ಸಹಿ ಹಾಕಿ, ಒಳಪುಟದಲ್ಲಿ ಅವರ ಹೆಸರು ಕಾಣೋ ಹಾಗೆ ಹಾಕಿಸಿ.