ಬೇಸಿಗೆಯ ಕೊನೆಯಲ್ಲಿ ವಲಸೆ ಹಕ್ಕಿ ನೋಡಲು ಹೋದರೆ ಏನೂ ಕಾಣುವುದಿಲ್ಲ ಯಾಕೆ?

ನೀವು ಕೇಳಿರುವುದು ಇಷ್ಟು. ವಸಂತದಲ್ಲಿ ಹೊಲದ ಕಡೆ ನಡೆಯಲು ಹೋದಾಗ ಪೊದೆಪೊದೆಯಲ್ಲೂ ಹಾಡು ಕೇಳುತ್ತಿತ್ತು. ಈಗ ಆಗಸ್ಟ್ ಕೊನೆ, ಯುರೋಪಿನಂಥ ಉತ್ತರದ ದೇಶಗಳಲ್ಲಿ ಬೇಸಿಗೆ ಮುಗಿಯುವ ಹೊತ್ತು, ವಲಸೆ ಶುರುವಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೂರು ಬೆಳಿಗ್ಗೆ ಏಳೆಂಟು ಕಿಲೋಮೀಟರ್ ನಡೆದರೂ ಒಂದಷ್ಟು ಕಾಗೆ, ಪಾರಿವಾಳ ಬಿಟ್ಟು ಏನೂ ಸಿಗಲಿಲ್ಲ. ಹೊಲದ ಮೂಲೆಯಲ್ಲಿ ನೀರು ನಿಂತ ಒಂದು ಗುಂಡಿ ಇದೆ, ಅಲ್ಲೂ ಏನಿಲ್ಲ. ಹಾಗಾದರೆ ಈ ಕಾಲದಲ್ಲಿ ಹೋಗುವುದು ದಂಡವಾ?

ಖಂಡಿತ ಅಲ್ಲ. ನಾನು ಹದಿನಾಲ್ಕು ವರ್ಷದಿಂದ ಈ ನಡಿಗೆ ಮಾಡುತ್ತಿದ್ದೇನೆ. ವರ್ಷದಲ್ಲಿ ಒಂದೇ ತಿಂಗಳು ಹೋಗಬಹುದು ಅಂದರೆ ನಾನು ವಸಂತ ಬಿಟ್ಟು ಈ ತಿಂಗಳನ್ನೇ ಆರಿಸಿಕೊಳ್ಳುತ್ತೇನೆ.

ಉತ್ತರದ ದೇಶಗಳಲ್ಲಿ ಹಕ್ಕಿಗಳ ಸಂಖ್ಯೆ ತುಂಬಾ ಜಾಸ್ತಿ ಇರುವುದೇ ಈಗ. ಆ ಬೇಸಿಗೆಯಲ್ಲಿ ಗೂಡುಬಿಟ್ಟ ಮರಿಗಳೂ ಈಗ ಲೆಕ್ಕಕ್ಕೆ ಸೇರಿರುತ್ತವೆ. ಆದರೆ ಸದ್ದಿಲ್ಲ. ಗಂಡು ಹಾಡುವುದು ತನ್ನ ಜಾಗ ಕಾಯಲು ಮತ್ತು ಹೆಣ್ಣನ್ನು ಕರೆಯಲು. ಎರಡೂ ಕೆಲಸ ಮುಗಿದಿವೆ. ಜೊತೆಗೆ ಹಳೇ ಗರಿ ಉದುರಿ ಹೊಸದು ಬರುವ ಸಮಯ ಬೇರೆ. ಬಾತುಗಳಂತೂ ರೆಕ್ಕೆಯ ದೊಡ್ಡ ಗರಿಗಳನ್ನು ಒಟ್ಟಿಗೇ ಕಳಚಿಕೊಂಡು ಮೂರು ನಾಲ್ಕು ವಾರ ಹಾರಲಾಗದೆ ಜೊಂಡಿನ ನಡುವೆ ಅಡಗಿರುತ್ತವೆ. ಅಂಥ ಹೊತ್ತಿನಲ್ಲಿ ಯಾವ ಹಕ್ಕಿ ತಾನೇ ಕೊಂಬೆಯ ತುದಿಯಲ್ಲಿ ಕೂತು ಕೂಗುತ್ತದೆ?

ಹಾಗಾಗಿ ವಸಂತದಲ್ಲಿ ನಡೆದ ಹಾಗೆ ಈಗ ನಡೆದರೆ ಆಗುವುದಿಲ್ಲ. ಏಳೆಂಟು ಕಿಲೋಮೀಟರ್ ಬಿಡಿ. ಒಂದೂವರೆ ಕಿಲೋಮೀಟರ್ ಸಾಕು, ಆದರೆ ಅದೇ ದಾರಿಗೆ ಮತ್ತೆ ಮತ್ತೆ ಹೋಗಿ. ನನ್ನ ದಾರಿಯಲ್ಲಿ ಇರುವುದು ಒಂದು ಬೇಲಿಸಾಲು, ಕೊಯ್ಲಾದ ಎರಡು ಹೊಲ, ಒಂದು ಸಣ್ಣ ಕೆರೆ, ಒಂದು ತಂತಿಸಾಲು. ಅಷ್ಟೇ. ವಲಸೆ ಒಂದು ದಿನದ ನೋಟದಲ್ಲಿ ಕಾಣುವುದು ಅಪರೂಪ. ನಿನ್ನೆ ಇದ್ದದ್ದು ಇವತ್ತಿಲ್ಲ, ನಿನ್ನೆ ಇಲ್ಲದ್ದು ಇವತ್ತಿದೆ ಅನ್ನುವಲ್ಲಿ ಅದು ಕಾಣುತ್ತದೆ. ಒಂದು ವರ್ಷ ತಂತಿಯ ಮೇಲಿನ ಕವಲುತೋಕೆಗಳನ್ನು (ಸ್ವಾಲೋ ಹಕ್ಕಿಗಳನ್ನು) ಪ್ರತಿ ಬೆಳಿಗ್ಗೆ ಎಣಿಸಿ ಬರೆದಿಟ್ಟೆ. ಮೊದಲು 12, ಆಮೇಲೆ 40, ಒಂದು ದಿನ 110. ಮರುದಿನ 6. ಆ ಆರನ್ನು ನೋಡುತ್ತಾ ನಿಂತಾಗ ಉಳಿದವು ಎಷ್ಟು ದೂರ ಹೋಗಿರಬಹುದು ಅಂತ ಯೋಚಿಸಿ ಮೈ ಜುಮ್ಮೆಂದಿತ್ತು. ಒಂದೇ ಸಲ ಹೋಗಿದ್ದರೆ ನನಗೆ ಕಾಣುತ್ತಿದ್ದದ್ದು ತಂತಿಯ ಮೇಲೆ ಆರು ಹಕ್ಕಿ, ಅಷ್ಟೇ ಅಲ್ವಾ?

ಇನ್ನು ಹೊತ್ತಿನ ವಿಷಯ. ವಾರ್ಬ್ಲರ್ (ಪೊದೆಗಳಲ್ಲಿ ಹುಳ ಹೆಕ್ಕುವ ಪುಟ್ಟ ಹಕ್ಕಿ), ನೊಣಹಿಡುಕದಂಥ ಬಹಳಷ್ಟು ಸಣ್ಣ ಹಕ್ಕಿಗಳು ರಾತ್ರಿ ಪ್ರಯಾಣ ಮಾಡುತ್ತವೆ. ರಾತ್ರಿ ಗಾಳಿ ತಂಪು, ಹಗಲಿನಷ್ಟು ಏರುಪೇರಿಲ್ಲ, ಗಿಡುಗಗಳ ಕಾಟವೂ ಕಡಿಮೆ. ಬೆಳಕು ಹರಿಯುವ ಹೊತ್ತಿಗೆ ಕೆಳಗಿಳಿದು ಹಸಿವಿನಿಂದ ತಿನ್ನಲು ಶುರುಮಾಡುತ್ತವೆ. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ ಅವು ಚುರುಕಾಗಿರುತ್ತವೆ. ಬಿಸಿಲು ಮೊದಲು ತಾಗುವ ಬೇಲಿಯ ಬದಿಗೆ ಹೋಗಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ. ಹುಳಗಳು ಏಳುವುದು ಅಲ್ಲೇ, ಹಕ್ಕಿಗಳು ಬರುವುದೂ ಅಲ್ಲಿಗೇ. ಕಾಲು ಗಂಟೆ ಅಲ್ಲಾಡಬೇಡಿ. ಎಲೆ ಅಲುಗಿದ ಕಡೆ ಬೈನಾಕ್ಯುಲರ್ ಎತ್ತಿ.

ಹವಾಮಾನವನ್ನೂ ನೋಡಿಕೊಳ್ಳಿ. ಆಕಾಶ ತಿಳಿಯಾಗಿ, ಹಿಂದಿನಿಂದ ಗಾಳಿ ಇದ್ದರೆ ಹಕ್ಕಿಗಳು ಹೊರಟುಬಿಡುತ್ತವೆ, ನಿಮ್ಮ ತಲೆಯ ಮೇಲೆಯೇ ಹಾದುಹೋದರೂ ನಿಮಗೆ ಗೊತ್ತಾಗುವುದಿಲ್ಲ. ಹೊರಟ ಮೇಲೆ ನಡುರಾತ್ರಿ ಮಳೆ ಹಿಡಿದುಕೊಂಡರೆ ಮಾತ್ರ ಇದ್ದಲ್ಲೇ ಇಳಿಯಬೇಕಾಗುತ್ತದೆ. ಒಂದು ಸೆಪ್ಟೆಂಬರ್‌ನಲ್ಲಿ ರಾತ್ರಿ ಎರಡು ಗಂಟೆಗೆ ಮಳೆ ಶುರುವಾಗಿ ಬೆಳಗಿನ ಜಾವ ನಿಂತಿತು. ನಾನು ಹೋದಾಗ ಬೇಲಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ದಿನ ಅದೇ ಬೇಲಿಯಲ್ಲಿ ಮೂರು ಹಕ್ಕಿ ಎಣಿಸಿದ್ದೆ. ಅವತ್ತು ಎಣಿಸಲೇ ಆಗಲಿಲ್ಲ. ಒದ್ದೆಯಾದ ವಿಲ್ಲೋ ವಾರ್ಬ್ಲರ್‌ಗಳು ಕೈಗೆಟುಕುವಷ್ಟು ಹತ್ತಿರದಲ್ಲಿ ಎಲೆಯಡಿಯ ಹುಳ ಹೆಕ್ಕುತ್ತಿದ್ದವು. ನಾನಿದ್ದೇನೆ ಅನ್ನುವುದೇ ಅವಕ್ಕೆ ಬೇಕಿರಲಿಲ್ಲ. ಒಂದೊಂದು ಸುಮಾರು ಹತ್ತು ಗ್ರಾಂ ತೂಕದ ಹಕ್ಕಿ, ಹೋಗಬೇಕಾದದ್ದು ಸಹಾರಾ ದಾಟಿ ಆಫ್ರಿಕಾದ ಒಳಗೆ. ಎರಡು ಗಂಟೆ ಅಲ್ಲೇ ನಿಂತಿದ್ದೆ. ಮರುದಿನ ಬೇಲಿ ಮತ್ತೆ ಖಾಲಿ.

ಹಣ್ಣು ಬಿಟ್ಟ ಪೊದೆಗಳನ್ನು ದಾಟಿಕೊಂಡು ಹೋಗಬೇಡಿ. ಬೇಸಿಗೆಯೆಲ್ಲ ಹುಳ ತಿಂದ ವಾರ್ಬ್ಲರ್‌ಗಳು ಹೊರಡುವ ಮುಂಚೆ ಹಣ್ಣಿಗೆ ಬೀಳುತ್ತವೆ, ಕೊಬ್ಬು ಬೇಗ ಕೂಡುತ್ತದೆ. ಗಾರ್ಡನ್ ವಾರ್ಬ್ಲರ್ ಸಾಮಾನ್ಯವಾಗಿ 18 ಗ್ರಾಂ ಆಸುಪಾಸು ತೂಗುತ್ತದೆ. ಮರುಭೂಮಿ ದಾಟುವ ಮೊದಲು ಅದರ ತೂಕ ಹೆಚ್ಚುಕಡಿಮೆ ಎರಡರಷ್ಟಾಗುವುದುಂಟು.

ಬೆಳಿಗ್ಗೆ ತಡವಾಗಿ ಎದ್ದರೆ ಬೇಜಾರಾಗಬೇಡಿ, ಹತ್ತು ಗಂಟೆಯ ಮೇಲೆ ಆಕಾಶ ನೋಡಿ. ನೆಲ ಕಾದು ಬಿಸಿಗಾಳಿ ಮೇಲೇಳುವಾಗ ಗಿಡುಗ, ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರಿ, ಅಲ್ಲಿಂದ ಜಾರಿಕೊಂಡು ಮುಂದೆ ಹೋಗುತ್ತವೆ. ಸಮುದ್ರದ ಮೇಲೆ ಇಂಥ ಗಾಳಿ ಅಷ್ಟಾಗಿ ಸಿಗದ ಕಾರಣ ಅವು ನೆಲದ ಕಿರಿದಾದ ದಾರಿಗಳಲ್ಲಿ ಒತ್ತಾಗಿ ಸೇರುತ್ತವೆ. ಜಾರ್ಜಿಯಾದ ಬಟುಮಿಯಲ್ಲಿ ಪ್ರತಿ ವರ್ಷ 10 ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ಹಾಗೆ ಹಾದುಹೋಗುತ್ತವೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಜಾಸ್ತಿ ಇರುವುದು ಜೇನುಗಿಡುಗಗಳು. ನಿಮ್ಮ ಹೊಲದ ಮೇಲೆ ಒಂದೇ ಒಂದು ಹೋಗಬಹುದು. ಆ ಒಂದಕ್ಕಾಗಿ ಕತ್ತೆತ್ತಿ ನಿಲ್ಲುವುದು ನನಗೆ ಇಷ್ಟ.

ಕಿವಿಯನ್ನೂ ಬೇರೆ ಥರ ಬಳಸಬೇಕು. ಹಾಡು ಹುಡುಕಬೇಡಿ, ಚಿಕ್ಕ ಕರೆಗಳನ್ನು ಕೇಳಿ. ಹಳದಿ ಸಿಪಿಲೆ (ಯೆಲ್ಲೋ ವ್ಯಾಗ್‌ಟೇಲ್) ತಲೆಯ ಮೇಲೆ ಏರಿಳಿಯುತ್ತಾ ಹೋಗುವಾಗ 'ಸ್ವೀ' ಅಂತ ಒಂದೇ ಸ್ವರ ಬಿಡುತ್ತದೆ. ಅದೊಂದು ಕಿವಿಗೆ ಕೂತರೆ ಆಕಾಶ ಖಾಲಿ ಇಲ್ಲ ಅಂತ ಗೊತ್ತಾಗುತ್ತದೆ. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ನೆರವಾಗುತ್ತದೆ, ಆದರೆ ಇಂಥ ಚುಟುಕು ಕರೆಗಳಲ್ಲಿ ಅದೂ ತಪ್ಪುತ್ತದೆ. ಅದು ಹೇಳಿದ ಹೆಸರನ್ನು ಕಣ್ಣಿಂದ ನೋಡಿದ ಮೇಲೇ ಬರೆದುಕೊಳ್ಳಿ.

ಈಗ ನಿಮ್ಮ ಗುಂಡಿ. ನನ್ನ ಪ್ರಕಾರ ಅದೇ ನಿಮ್ಮ ದಾರಿಯ ಚಿನ್ನದಂಥ ಜಾಗ. ಗೊರವ, ಅಂದರೆ ಕೆಸರಿನ ಅಂಚಲ್ಲಿ ಮೇಯುವ ಸ್ಯಾಂಡ್‌ಪೈಪರ್ ಬಳಗದವು, ಮೊದಮೊದಲು ಹೊರಡುವ ಹಕ್ಕಿಗಳಲ್ಲಿ ಸೇರಿವೆ. ಗ್ರೀನ್ ಸ್ಯಾಂಡ್‌ಪೈಪರ್‌ನ ಹೆಣ್ಣುಗಳು ಜೂನ್‌ನಲ್ಲೇ ದಾರಿ ಹಿಡಿಯುತ್ತವೆ, ಮರಿಗಳನ್ನು ಗಂಡು ನೋಡಿಕೊಳ್ಳುತ್ತದೆ. ಈ ಬಳಗದ ಬಹಳ ಜಾತಿಗಳಲ್ಲಿ ದೊಡ್ಡವು ಹೋಗಿ ವಾರಗಳಾದ ಮೇಲೆ ಮರಿಗಳು ತಾವಾಗಿಯೇ ಹೊರಡುತ್ತವೆ, ದಾರಿ ತೋರಿಸಲು ತಂದೆತಾಯಿ ಇರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾ ಬಿಟ್ಟ, ಇದೇ ಬಳಗದ ಒಂದು ಬಾರ್-ಟೇಲ್ಡ್ ಗಾಡ್ವಿಟ್ 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಸೇರಿತು. ಅದಕ್ಕೆ ಆಗ ಸುಮಾರು ಐದು ತಿಂಗಳು ವಯಸ್ಸು. ನಿಮ್ಮ ಗುಂಡಿಯಲ್ಲಿ ಕಂಡ ಹಕ್ಕಿಯ ಬೆನ್ನಿನ ಗರಿಗಳ ಅಂಚು ಒಪ್ಪವಾಗಿ, ಹೊಸದಾಗಿ ಕಂಡರೆ ಅದು ಈ ವರ್ಷದ ಮರಿ. ಸವೆದು ಮಾಸಿದ್ದರೆ ದೊಡ್ಡದು.

ಅಲ್ಲಿ ಏನೂ ಇಲ್ಲ ಅಂದಿರಲ್ಲ, ನೀವು ನೇರ ದಂಡೆಗೇ ನಡೆದು ಹೋಗಿರಬೇಕು. ನಾನೂ ಒಮ್ಮೆ ಫೋಟೋಕ್ಕಾಗಿ ಹಾಗೆ ಹೋಗಿದ್ದೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತಿದ್ದ ಇಪ್ಪತ್ತು ಹಕ್ಕಿ ಒಟ್ಟಿಗೆ ಎದ್ದು ಹೋದವು, ಮರಳಿ ಬರಲಿಲ್ಲ. ಅವು ಅಲ್ಲಿದ್ದದ್ದು ದಣಿವಾರಿಸಿಕೊಳ್ಳಲು. ಅವತ್ತು ನಾನು ಅವುಗಳ ಶಕ್ತಿಯನ್ನು ಹಾಳುಮಾಡಿದೆ ಅನ್ನುವ ನೋವು ಈಗಲೂ ಇದೆ. ಐವತ್ತು ಅರವತ್ತು ಮೀಟರ್ ಹಿಂದೆ, ಪೊದೆಯ ಮರೆಯಲ್ಲಿ ಕೂತು ನೋಡಿ. ನಾಯಿ ಜೊತೆಗಿದ್ದರೆ ಅವತ್ತು ಬೇರೆ ದಾರಿಗೆ ಹೋಗಿ.

ಕೂತ ಮೇಲೆ ಕೆಸರಿನ ಅಂಚನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ, ಮತ್ತೆ ಬಲದಿಂದ ಎಡಕ್ಕೆ. ಹಿಂಭಾಗವನ್ನು ಸದಾ ಮೇಲೆ ಕೆಳಗೆ ಕುಣಿಸುತ್ತಾ, ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ ರೆಕ್ಕೆ ಅದುರಿಸುತ್ತಾ ಹೋದರೆ ಕಾಮನ್ ಸ್ಯಾಂಡ್‌ಪೈಪರ್. ಕಪ್ಪಗೆ ಕಾಣುವ ಹಕ್ಕಿ ಗಾಬರಿಯಿಂದ ಕೂಗುತ್ತಾ ನೆಟ್ಟಗೆ ಮೇಲೇರಿ, ಬಾಲದ ಬುಡ ಬೆಳ್ಳಗೆ ಹೊಳೆದರೆ ಗ್ರೀನ್ ಸ್ಯಾಂಡ್‌ಪೈಪರ್. ಯಾವುದು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.