ಅಪ್ಪನ ದೊಡ್ಡ ಕರುಳಿನ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಅಡೆನೊಕಾರ್ಸಿನೋಮ’ (ಗ್ರಂಥಿ ಕೋಶಗಳ ಕ್ಯಾನ್ಸರ್) ಎಂದಷ್ಟೇ ಇದೆ. ಸಿಎಂಎಸ್ 1ರಿಂದ 4ರಲ್ಲಿ ಇದು ಯಾವುದು?

ಸಿಎಂಎಸ್ ಬಿಟ್ಟುಬಿಡಿ. ದೊಡ್ಡ ಕರುಳಿನ ಕ್ಯಾನ್ಸರನ್ನು ಜೀನ್ ಚಟುವಟಿಕೆ ನೋಡಿ ವಿಂಗಡಿಸುವ, 2015ರಲ್ಲಿ ಬಂದ ಆ ನಾಲ್ಕು ಗುಂಪುಗಳಿಗೆ ಆರ್‌ಎನ್‌ಎ ಪರೀಕ್ಷೆಯೇ ಆಧಾರ. ಸಂಶೋಧನೆಗೆ ಅವು ಬೇಕು, ದಿನನಿತ್ಯದ ರಿಪೋರ್ಟಿಗೆ ಬರುವುದಿಲ್ಲ. ಲ್ಯಾಬ್‌ನವರು ಏನೋ ಬಿಟ್ಟಿದ್ದಾರೆ ಎಂಬ ಅನುಮಾನ ಬೇಡ.

ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಸಾದಾ ಅಡೆನೊಕಾರ್ಸಿನೋಮವೇ. ಗಡ್ಡೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೋಶಗಳ ಹೊರಗೆ ನಿಂತ ಲೋಳೆಯಾಗಿದ್ದರೆ ಮ್ಯೂಸಿನಸ್. ಅರ್ಧಕ್ಕಿಂತ ಹೆಚ್ಚು ಕೋಶಗಳಲ್ಲಿ ಲೋಳೆ ಒಳಗೇ ತುಂಬಿ ನ್ಯೂಕ್ಲಿಯಸ್ ಅಂಚಿಗೆ ಸರಿದಿದ್ದರೆ ಸಿಗ್ನೆಟ್ ರಿಂಗ್. ಈ ಶೇ 50 ಇಡೀ ಗಡ್ಡೆಯ ಲೆಕ್ಕ. ಅಕ್ಕಿಕಾಳಿನಷ್ಟು ಬಯಾಪ್ಸಿ ಚೂರು ನೋಡಿ ಮ್ಯೂಸಿನಸ್ ಎಂದು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಮೆಡ್ಯುಲರಿ ಎಂಬ ಇನ್ನೊಂದು ಬಗೆ ಮಾತ್ರ ಮೋಸಗಾರ: ಗ್ರಂಥಿಯ ಆಕಾರವೇ ಇರುವುದಿಲ್ಲ, ನೋಟ ಉಗ್ರ, ನಡವಳಿಕೆ ಸಾಮಾನ್ಯವಾಗಿ ಸೌಮ್ಯ.

ನೀವು ಕೇಳಬೇಕಾದ್ದು ಎಂಎಂಆರ್ ಪರೀಕ್ಷೆ, ಅಂದರೆ ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆಯ ಪರೀಕ್ಷೆ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳು ಗಡ್ಡೆಯಲ್ಲಿ ಉಳಿದಿವೆಯೇ ಎಂದು ಇದರಲ್ಲಿ ನೋಡುತ್ತಾರೆ. ದುಬಾರಿಯಾಗುವ ತಪ್ಪು ನಡೆಯುವುದೂ ಇಲ್ಲೇ, ಬಿಡಿಸಿಯೇ ಹೇಳುತ್ತೇನೆ. ಸ್ಲೈಡಿಗೆ ಬಣ್ಣ ಹಾಕಿದಾಗ ಪ್ರೋಟೀನ್ ಇದ್ದರೆ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ. ಗಡ್ಡೆಯಲ್ಲಿ ಕಂದು ಕಾಣಲಿಲ್ಲ ಅಂದ ಮಾತ್ರಕ್ಕೆ ‘ಲಾಸ್’ (ಪ್ರೋಟೀನ್ ಇಲ್ಲ) ಎಂದು ಬರೆಯುವ ಹಾಗಿಲ್ಲ. ಅದೇ ಸ್ಲೈಡಿನಲ್ಲಿ ಪಕ್ಕದ ಕ್ಯಾನ್ಸರ್ ಅಲ್ಲದ ಲಿಂಫೋಸೈಟ್, ಸ್ಟ್ರೋಮಾ ಕೋಶಗಳಿಗೆ ಬಣ್ಣ ಹತ್ತಿರಲೇಬೇಕು. ಅವೂ ಬೋಳಾಗಿದ್ದರೆ ಕೆಟ್ಟಿರುವುದು ಪರೀಕ್ಷೆ. ಕಾರಣ ಹೆಚ್ಚಾಗಿ ಫಾರ್ಮಲಿನ್, ಅಂಗಾಂಶ ಕೆಡದಂತೆ ಇಡುವ ದ್ರವ. ಅದು ಹೊರಗಿನಿಂದ ನಿಧಾನಕ್ಕೆ ಒಳಗಿಳಿಯುತ್ತದೆ. ಆಪರೇಷನ್ ಮಾಡಿ ತೆಗೆದ ಕರುಳನ್ನು ಸೀಳದೆ ಹಾಗೇ ಡಬ್ಬಿಗೆ ಹಾಕಿದರೆ, ಫಾರ್ಮಲಿನ್ ತಲುಪುವಷ್ಟರಲ್ಲಿ ನಡುವಿನ ಭಾಗ ಕೆಟ್ಟಿರುತ್ತದೆ. ಸೀಳಿ, ಅದರ ಹತ್ತು ಪಟ್ಟು ಪ್ರಮಾಣದ ಶೇ 10ರ ಬಫರ್ಡ್ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇಡಬೇಕು. ಸುಳ್ಳು ‘ಲಾಸ್’ ಹೊರಬಿದ್ದರೆ ಮನೆಮಂದಿಗೆಲ್ಲ ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ಕ್ಯಾನ್ಸರ್ ಅಪಾಯದ ಭಯ, ರೋಗಿಗೆ ಕೆಲಸ ಮಾಡದ ಇಮ್ಯುನೊಥೆರಪಿ.

ನಿಜವಾಗಿಯೂ ಎಂಎಲ್‌ಎಚ್1, ಪಿಎಂಎಸ್2 ಎರಡೂ ಇಲ್ಲದಿದ್ದರೆ ಮುಂದೆ ಗಡ್ಡೆಯಲ್ಲಿ ಬ್ರಾಫ್ ವಿ600ಇ ಎಂಬ ಜೀನ್ ಬದಲಾವಣೆ ಇದೆಯೇ ನೋಡಬೇಕು. ಅದು ಇದ್ದರೆ ವಂಶಪಾರಂಪರ್ಯದ ಸಾಧ್ಯತೆ ಬಹಳ ಕಡಿಮೆ. ಇಲ್ಲದಿದ್ದರೆ ಎಂಎಲ್‌ಎಚ್1 ಮಿಥೈಲೇಶನ್ ಪರೀಕ್ಷೆ (ಆ ಜೀನ್‌ಗೆ ರಾಸಾಯನಿಕ ಬೀಗ ಬಿದ್ದಿದೆಯೇ ಎಂದು ನೋಡುವುದು). ಅದೂ ನೆಗೆಟಿವ್ ಬಂದರೆ ರಕ್ತದಲ್ಲಿ ಜೀನ್ ಪರೀಕ್ಷೆ. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಇಲ್ಲದಿದ್ದರೆ ನೇರವಾಗಿ ಜೆನೆಟಿಕ್ ಕೌನ್ಸೆಲರ್ ಬಳಿ ಹೋಗಿ.

ಗಡ್ಡೆ ಗುದನಾಳದಲ್ಲಿದ್ದರೆ ಈ ಪರೀಕ್ಷೆಯನ್ನು ರೇಡಿಯೇಷನ್‌ಗೆ ಮುಂಚಿನ ಬಯಾಪ್ಸಿ ಬ್ಲಾಕ್‌ನಲ್ಲೇ ಮಾಡಿಸಿ. ಆಮೇಲೆ ಎಂಎಸ್‌ಎಚ್6 ಬಣ್ಣ ಮಂಕಾಗಿ ಇಲ್ಲದ ‘ಲಾಸ್’ ಕಾಣಿಸಬಹುದು.